ಸೈಕಲ್ ಬ್ರೇಕಿನ ಕಿರುಚಾಟಕ್ಕೆ ಮನೆಯಲ್ಲೇ ಮದ್ದು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರ ಎಂಬ ಊರು ಸಿಗುತ್ತದೆ. ಮೊದಲು ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದ ಈ ದಾರಿಗೆ ಈಗಿನ ಸಂಖ್ಯೆ 75. ತಿರುಪತಿಯ ಬಸ್ಸುಗಳು, ಟೊಮೆಟೊ ಹೊತ್ತ ಟೆಂಪೊಗಳು, ದೂರದೂರದ ಲಾರಿಗಳು ಹಗಲಿರುಳೆನ್ನದೆ ಇದರ ಮೇಲೆ ಓಡುತ್ತಿರುತ್ತವೆ. ಸುತ್ತಲ ಹೊಲಗಳಿಂದ, ಹಳ್ಳಿಗಳಿಂದ ಹೊರಟ ಮಣ್ಣುದಾರಿಗಳೆಲ್ಲ ಕೊನೆಗೆ ಬಂದು ಸೇರುವುದು ಈ ಹೆದ್ದಾರಿಯನ್ನೇ. ಹಾಗಾಗಿ ಇಲ್ಲಿ ಸೈಕಲ್ಲಿಗೆ ಬ್ರೇಕ್ ಎಂಬುದು ಬರಿಯ ಒಂದು ಬಿಡಿಭಾಗವಲ್ಲ. ಮಣ್ಣುದಾರಿ ಮುಗಿಯುವಲ್ಲಿ ಮಗುವನ್ನು ಹಿಡಿದು ನಿಲ್ಲಿಸುವ ಕೈ.

ಇಂಥ ಊರಿನ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಂಬತ್ತನೇ ತರಗತಿಯ ಹುಡುಗಿ. ಅವಳ ಸೈಕಲ್ಲು ಅಕ್ಕನಿಂದ ಬಂದದ್ದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಕರ್ನಾಟಕದಲ್ಲಿ ಆರಂಭವಾದದ್ದು 2006-07ರಲ್ಲಿ. 2020ರಲ್ಲಿ ಕೋವಿಡ್ ಬಂದಾಗ ವಿತರಣೆ ನಿಂತುಹೋಯಿತು. ಅಕ್ಕನಿಗೆ ಸಿಕ್ಕಿತು, ತಂಗಿಗೆ ಸಿಗಲಿಲ್ಲ. ಹಳೆಯ ಸೈಕಲ್ಲೇ ಕೈ ಬದಲಾಯಿಸಿತು. ಅದರ ಜೊತೆಗೆ ಒಂದು ಕಾಯಿಲೆಯೂ ಬಂತು. ಬ್ರೇಕ್ ಹಿಡಿದರೆ 'ಕೀಂ...' ಎಂದು ಊರೆಲ್ಲ ತಿರುಗಿ ನೋಡುವಂಥ ಕಿರುಚಾಟ.

"ನಾನು ಬರೋದು ಶಾಲೆಗೆ ಮೊದಲೇ ಗೊತ್ತಾಗುತ್ತೆ, ಎಲ್ಲರೂ ನಗ್ತಾರೆ" ಎಂದು ಹುಡುಗಿ ಗೊಣಗಿದಳು.

"ಬಾಗಿಲು ಕಿರುಗುಟ್ಟಿದ್ರೆ ಏನು ಮಾಡ್ತೀವಿ? ಎರಡು ತೊಟ್ಟು ಎಣ್ಣೆ ಬಿಡು, ಸುಮ್ಮನಾಗುತ್ತೆ" ಎಂದರು ಅಜ್ಜಿ.

ಹುಡುಗಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ರಿಮ್ಮಿಗೂ ರಬ್ಬರಿಗೂ ಸವರಿದಳು. ಅಜ್ಜಿಯ ಮಾತು ಸುಳ್ಳಾಗಲಿಲ್ಲ. ಸೈಕಲ್ಲು ತುಟಿ ಪಿಟಕ್ಕೆನ್ನಲಿಲ್ಲ. ಸಂಜೆ ಹೊಲದಿಂದ ಬಂದ ಅಪ್ಪ ಸೈಕಲ್ಲನ್ನು ಪಕ್ಕಕ್ಕಿಡಲು ಹೋಗಿ, ಎರಡೂ ಬ್ರೇಕ್ ಹಿಡಿದು ಅಂಗಳದಲ್ಲಿ ಮುಂದಕ್ಕೆ ತಳ್ಳಿದರು. ಚಕ್ರ ಬೆಣ್ಣೆಯಂತೆ ಉರುಳಿತು. ಅವರ ಎದೆ ಧಸಕ್ಕೆಂದಿತು.

"ಎಣ್ಣೆ ಬಿಟ್ಟೆಯೇನಮ್ಮಾ ಇದಕ್ಕೆ?"

ಈ ಕಥೆ ಕಲ್ಪನೆ. ಆದರೆ ಅಜ್ಜಿಯ ಸಲಹೆ ಕಲ್ಪನೆಯಲ್ಲ. ಬಹಳ ಮನೆಗಳಲ್ಲಿ ಕೇಳಿಬರುವ ಮಾತೇ ಅದು. ಬಾಗಿಲಿನ ಕೀಲಿಗೂ ಸೈಕಲ್ಲಿನ ಬ್ರೇಕಿಗೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡದೆ ಇರುವುದೇ ಇದಕ್ಕೆ ಕಾರಣ. ಬಾಗಿಲಿನ ಕೀಲು ಜಾರಬೇಕು. ಬ್ರೇಕಿನ ರಬ್ಬರು ಜಾರಬಾರದು. ಒಂದಕ್ಕೆ ಮದ್ದಾದ ಎಣ್ಣೆ ಇನ್ನೊಂದಕ್ಕೆ ವಿಷ.

ಕೂಗು ಹುಟ್ಟುವುದು ಹೇಗೆ?

ನೆಲದ ಮೇಲೆ ಭಾರದ ಪೆಟ್ಟಿಗೆಯನ್ನು ತಳ್ಳಿ ನೋಡಿದವರಿಗೆ ಒಂದು ಸಂಗತಿ ಗೊತ್ತು. ಅದನ್ನು ಮೊದಲು ಅಲುಗಿಸುವುದು ಕಷ್ಟ. ಒಮ್ಮೆ ಹೊರಟರೆ ಸಲೀಸು. ನಿಂತ ವಸ್ತುವಿನ ಘರ್ಷಣೆ ಚಲಿಸುವ ವಸ್ತುವಿನ ಘರ್ಷಣೆಗಿಂತ ಸಾಮಾನ್ಯವಾಗಿ ಹೆಚ್ಚು. ಇದು ಪಠ್ಯಪುಸ್ತಕದಲ್ಲಿರುವ ಪಾಠವೇ.

ಬ್ರೇಕ್ ಹಿಡಿದಾಗಲೂ ಇದೇ ನಡೆಯುತ್ತದೆ. ರಬ್ಬರು ಕ್ಷಣಕಾಲ ರಿಮ್ಮಿಗೆ ಕಚ್ಚಿಕೊಂಡು ಅದರ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಬ್ರೇಕಿನ ತೋಳು ಸ್ಪ್ರಿಂಗಿನಂತೆ ಬಾಗುತ್ತದೆ. ಎಳೆತ ಮಿತಿಮೀರಿದಾಗ ರಬ್ಬರು ಕಚ್ಚುಬಿಟ್ಟು ಜಾರಿ ಹಿಂದಕ್ಕೆ ಬರುತ್ತದೆ. ಮತ್ತೆ ಕಚ್ಚುತ್ತದೆ, ಮತ್ತೆ ಜಾರುತ್ತದೆ. ಕಚ್ಚುವುದು, ಜಾರುವುದು - ಇದು ಸೆಕೆಂಡಿಗೆ ನೂರಾರು ಬಾರಿ, ಕೆಲವೊಮ್ಮೆ ಸಾವಿರಾರು ಬಾರಿ ನಡೆದಾಗ ರಬ್ಬರು, ತೋಳು, ರಿಮ್ಮು ಎಲ್ಲ ಸೇರಿ ನಡುಗುತ್ತವೆ. ಆ ನಡುಕವೇ ನಮ್ಮ ಕಿವಿಗೆ ಕಿರುಚಾಟವಾಗಿ ಕೇಳುವುದು.

ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟುವುದೂ ಹೀಗೆಯೇ. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ನಾದ ಹುಟ್ಟುವುದೂ ಹೀಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು, ಬೆಳಕಿನ ಚದುರುವಿಕೆಗಾಗಿ ಹೆಸರಾಗುವ ಮೊದಲು, ಕಲ್ಕತ್ತೆಯಲ್ಲಿದ್ದಾಗ ಇದೇ ವಿಷಯದಲ್ಲಿ ಮುಳುಗಿದ್ದರು. ಕಮಾನಿನಿಂದ ನುಡಿಯುವ ತಂತಿಗಳ ಕಂಪನದ ಬಗ್ಗೆ 1918ರಲ್ಲಿ ದೊಡ್ಡದೊಂದು ಪ್ರಬಂಧವನ್ನೇ ಪ್ರಕಟಿಸಿದರು. ಯಂತ್ರದಿಂದ ಪಿಟೀಲು ನುಡಿಸಿ ಪ್ರಯೋಗ ಮಾಡಿದರು. ಪಿಟೀಲಿನಲ್ಲಿ ಸಂಗೀತವಾಗುವ ಕಚ್ಚಾಟ-ಜಾರಾಟ ಸೈಕಲ್ಲಿನಲ್ಲಿ ಕಿರುಚಾಟವಾಗುತ್ತದೆ, ಅಷ್ಟೇ ವ್ಯತ್ಯಾಸ!

ಹಾಗಾದರೆ ಕಿರುಚುವ ಬ್ರೇಕ್ ಹಿಡಿಯುತ್ತಿಲ್ಲ ಎಂದಲ್ಲ. ಹಿಡಿಯುತ್ತಿದೆ, ಆದರೆ ನಡುಗುತ್ತ ಹಿಡಿಯುತ್ತಿದೆ. ನಾವು ತೆಗೆಯಬೇಕಾದದ್ದು ನಡುಕವನ್ನು. ಎಣ್ಣೆ ತೆಗೆಯುವುದು ಹಿಡಿತವನ್ನೇ.

ಹಿಡಿತ ಹೋದರೆ ಏನಾಗುತ್ತದೆ?

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ಹುಡುಗಿಯ ತೂಕ 45 ಕಿಲೋ, ಸೈಕಲ್ಲಿನದು 20 ಕಿಲೋ, ಒಟ್ಟು 65. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಅವರಿಬ್ಬರ ಚಲನಶಕ್ತಿ ಸುಮಾರು 560 ಜೂಲ್. ಅಂದರೆ 20 ಲೀಟರಿನ ನೀರಿನ ಕ್ಯಾನನ್ನು ಸುಮಾರು 3 ಮೀಟರು ಎತ್ತರಕ್ಕೆ ಎತ್ತುವಷ್ಟು. ಇಳಿಜಾರಿನಲ್ಲಿ ವೇಗ 30ಕ್ಕೆ ಏರಿತೆನ್ನಿ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು: ಸುಮಾರು 2,250 ಜೂಲ್. ಈಗ ಅದೇ ಕ್ಯಾನು ಮೂರನೇ ಮಹಡಿಗೆ ಏರಿದಂತೆ! ಕಿರುಬೆರಳಿನಷ್ಟಿರುವ ನಾಲ್ಕು ರಬ್ಬರುಗಳು ಇಷ್ಟೆಲ್ಲವನ್ನೂ ಉಜ್ಜಿ ಉಜ್ಜಿ ಶಾಖವನ್ನಾಗಿ ಮಾಡಿ ಕಳೆಯಬೇಕು.

30ರ ವೇಗದಲ್ಲಿ ಸೈಕಲ್ಲು ಒಂದು ಸೆಕೆಂಡಿಗೆ 8 ಮೀಟರಿಗೂ ಹೆಚ್ಚು ದೂರ ಓಡಿರುತ್ತದೆ. ಎಣ್ಣೆ ಸವರಿದ ರಿಮ್ಮಿನ ಮೇಲೆ ಒಂದು ಸೆಕೆಂಡು ವ್ಯರ್ಥವಾದರೂ ಮಣ್ಣುದಾರಿ ಮುಗಿದು ಹೆದ್ದಾರಿ ಬಂದಿರುತ್ತದೆ. ಅಪ್ಪನ ಎದೆ ಧಸಕ್ಕೆಂದದ್ದು ಇದಕ್ಕೇ.

ನಿಮ್ಮದು ಯಾವ ಬಗೆಯ ಬ್ರೇಕ್?

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. ಮೊದಲನೆಯದು ಹಳೆಯ ಕರಿ ಸೈಕಲ್ಲುಗಳ ಕಂಬಿ ಬ್ರೇಕ್. ಹಿಡಿಯಿಂದ ಉಕ್ಕಿನ ಕಂಬಿಗಳು ಇಳಿದು ಬಂದು, ಲಾಳದ ಆಕಾರದ ಇನ್ನೊಂದು ಕಂಬಿಯನ್ನು ಎಳೆಯುತ್ತವೆ. ಅದರ ಎರಡು ತುದಿಯ ರಬ್ಬರುಗಳು ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳಿರುವ ಮೈಗೆ, ಒತ್ತಿಕೊಳ್ಳುತ್ತವೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತ ಸೈಕಲ್ಲುಗಳಲ್ಲಿ ಇದನ್ನು ನೋಡಬಹುದು.

ಎರಡನೆಯದು ಕೇಬಲ್ ಬ್ರೇಕ್. ಕೊಳವೆಯೊಳಗೆ ಓಡುವ ಉಕ್ಕಿನ ತಂತಿ ಎರಡು ತೋಳುಗಳನ್ನು ಇಕ್ಕುಳದಂತೆ ಮುಚ್ಚುತ್ತದೆ. ರಬ್ಬರುಗಳು ರಿಮ್ಮಿನ ಎರಡು ಪಕ್ಕೆಗಳನ್ನು ಹಿಡಿಯುತ್ತವೆ. ಇಂಥ ಕೇಬಲ್ಲಿಗೆ ಬೌಡೆನ್ ಎಂಬವರು ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1896ರಲ್ಲಿ. ಇಂದಿಗೂ ಅದು 'ಬೌಡೆನ್ ಕೇಬಲ್' ಎಂದೇ ಪ್ರಸಿದ್ಧ. ದಪ್ಪ ಟೈರಿನ ಹೊಸ ಸೈಕಲ್ಲುಗಳಲ್ಲಿ ಇದೇ ಹೆಚ್ಚು.

ಬಗೆ ಯಾವುದೇ ಇರಲಿ, ಕಾಯಿಲೆಗಳು ಮಾತ್ರ ಅವೇ: ಕೊಳೆ, ಗಟ್ಟಿಯಾದ ರಬ್ಬರು, ಓರೆಕೋರೆ ಕೂತ ರಬ್ಬರು, ಸಡಿಲವಾದ ನಟ್ಟು.

ಮೊದಲು ಕಿವಿಗೊಡಿ

ಸ್ಪ್ಯಾನರ್ ಹಿಡಿಯುವ ಮೊದಲು ಐದು ನಿಮಿಷ ಕೇಳಿಸಿಕೊಳ್ಳಿ. ಅಂಗಳದಲ್ಲಿ ಸೈಕಲ್ಲನ್ನು ತಳ್ಳುತ್ತ ಒಂದು ಸಲ ಮುಂದಿನ ಬ್ರೇಕ್ ಮಾತ್ರ, ಇನ್ನೊಂದು ಸಲ ಹಿಂದಿನದು ಮಾತ್ರ ಹಿಡಿಯಿರಿ. ಕೂಗುವುದು ಯಾವುದೆಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

'ಕೀಂ' ಎಂಬ ಸಣ್ಣ ಧ್ವನಿಯಾದರೆ ಅದು ಈವರೆಗೆ ಹೇಳಿದ ನಡುಕ. 'ಗರ್ ಗರ್' ಎಂದು ಕೆರೆಯುವ ಸದ್ದಾದರೆ ರಬ್ಬರಿನಲ್ಲಿ ಕಲ್ಲುಚೂರೋ ಲೋಹದ ಚೂರೋ ಸಿಕ್ಕಿದೆ, ಇಲ್ಲವೇ ರಬ್ಬರು ಪೂರ್ತಿ ಸವೆದು ಅದರ ಕಬ್ಬಿಣದ ಗೂಡೇ ರಿಮ್ಮಿಗೆ ತಗಲುತ್ತಿದೆ. ಆಗ ಸೈಕಲ್ ತುಳಿಯುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಚಕ್ರದ ಒಂದು ಸುತ್ತಿಗೆ ಒಂದು ಸಲ 'ಟಕ್' ಎಂದರೆ ರಿಮ್ಮು ಒಂದು ಕಡೆ ಸೊಟ್ಟಗಾಗಿದೆ ಎಂದರ್ಥ. ಬ್ರೇಕ್ ಹಿಡಿಯದೆ ಇದ್ದಾಗಲೂ ಉಜ್ಜುವ ಸದ್ದು ಬಂದರೆ ಬ್ರೇಕ್ ನಡುವಿಗೆ ಕೂತಿಲ್ಲ.

ಧನುರ್ಮಾಸದ ಬೆಳಗಿನಲ್ಲಿ ಮಾತ್ರ ಕೂಗಿ, ಎರಡು ಮೂರು ಸಲ ಹಿಡಿದ ಮೇಲೆ ಸುಮ್ಮನಾಗುವ ಬ್ರೇಕುಗಳೂ ಉಂಟು. ಅದು ರಿಮ್ಮಿನ ಮೇಲೆ ಕೂತ ಇಬ್ಬನಿಯ ಪ್ರಭಾವ. ಅದಕ್ಕೆ ರಿಪೇರಿ ಬೇಡ. ಬಟ್ಟೆಯಿಂದ ಒರೆಸಿದರೆ ಸಾಕು.

ತೊಳೆಯುವುದು, ಉಜ್ಜುವುದು

ಬೇಕಾದ ಸಾಮಾನು ಇಷ್ಟೇ: ಪಾತ್ರೆ ತೊಳೆಯುವ ಸೋಪು, ಎರಡು ಹಳೆ ಬಟ್ಟೆ, ಒಂದು ಗುಂಡುಸೂಜಿ, ಬಡಗಿಗಳು ಮರ ನುಣುಪು ಮಾಡಲು ಬಳಸುವ ಉಪ್ಪುಕಾಗದದ ಒಂದು ತುಂಡು, ಸೈಕಲ್ಲಿನ ಸ್ಪ್ಯಾನರ್, ಒಂದು ರಟ್ಟು.

ಮೊದಲು ರಿಮ್ಮು. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ರಬ್ಬರು ತಾಗುವ ಮೈಯನ್ನು ಸುತ್ತಲೂ ತಿಕ್ಕಬೇಕು. ಕಪ್ಪು ಜಿಡ್ಡು ಬಿಡುವವರೆಗೆ ಇದನ್ನು ಎರಡು ಮೂರು ಸಲ ಮಾಡಿ, ಒಳ್ಳೆ ನೀರಿನಿಂದ ತೊಳೆದು, ಒಣ ಬಟ್ಟೆಯಿಂದ ಒರೆಸಬೇಕು. ಕಂಬಿ ಬ್ರೇಕಿನ ಸೈಕಲ್ಲಾದರೆ ಕಡ್ಡಿಗಳ ಸಂದಿಯಲ್ಲಿ ಬೆರಳು ಹಾಕಿ ಒಳಮೈಯನ್ನು ತಿಕ್ಕಬೇಕು. ಚಕ್ರ ಸುಮ್ಮನೆ ನಿಂತಿರುವಾಗ ಮಾತ್ರ ಈ ಕೆಲಸ. ತಿರುಗುವ ಚಕ್ರದ ಕಡ್ಡಿಗಳ ನಡುವೆ ಬೆರಳು ಹೋಗಕೂಡದು. ಸೀಮೆಎಣ್ಣೆಯಿಂದ ಒರೆಸುವ ರೂಢಿ ಇದೆ. ಅದು ಜಿಡ್ಡನ್ನು ಕರಗಿಸುವುದು ನಿಜವಾದರೂ ತಾನೂ ಒಂದು ಜಿಡ್ಡಿನ ಪೊರೆಯನ್ನು ಬಿಟ್ಟುಹೋಗುತ್ತದೆ. ಸೋಪೇ ವಾಸಿ.

ಆಮೇಲೆ ರಬ್ಬರು. ಹಳೆಯ ರಬ್ಬರಿನ ಮೈ ಕಾಲಕ್ರಮದಲ್ಲಿ ಗಾಜಿನಂತೆ ಹೊಳೆಯತೊಡಗುತ್ತದೆ. ಈ ಹೊಳಪೇ ಕಿರುಚಾಟದ ಮೂಲಗಳಲ್ಲೊಂದು. ಉಪ್ಪುಕಾಗದದಿಂದ ಉಜ್ಜಿ, ಒಳಗಿನ ಮಾಸಲು ಕಪ್ಪು ಕಾಣುವಂತೆ ಮಾಡಬೇಕು. ಕಲ್ಲುಚೂರು, ಲೋಹದ ಮಿಣುಕು ಕಂಡರೆ ಗುಂಡುಸೂಜಿಯಿಂದ ಕೆದಕಿ ತೆಗೆಯಬೇಕು. ಮಣ್ಣುದಾರಿಯ ಸೈಕಲ್ಲುಗಳಲ್ಲಿ ಇವು ಇದ್ದೇ ಇರುತ್ತವೆ. ಉಗುರಿನಿಂದ ಒತ್ತಿದರೂ ಸ್ವಲ್ಪವೂ ತಗ್ಗದಷ್ಟು ಗಟ್ಟಿಯಾಗಿದ್ದರೆ, ಗೀರುಗಳೆಲ್ಲ ಮಾಯವಾಗುವಷ್ಟು ಸವೆದಿದ್ದರೆ, ಅಥವಾ ಎಣ್ಣೆ ಕುಡಿದಿದ್ದರೆ ಅಂಥ ರಬ್ಬರಿನ ಕಾಲ ಮುಗಿಯಿತು. ಒಂದು ಚಕ್ರದ ಎರಡೂ ರಬ್ಬರನ್ನು ಒಟ್ಟಿಗೇ ಬದಲಾಯಿಸುವುದು ಕ್ರಮ. ಸೈಕಲ್ಲಿನ ಭಾಗಗಳಲ್ಲಿ ಅತ್ಯಂತ ಅಗ್ಗದವುಗಳಲ್ಲಿ ಇದೂ ಒಂದು. ಜಿಪುಣತನ ತೋರಿಸುವ ಜಾಗ ಇದಲ್ಲ.

ನಮ್ಮ ಕಥೆಯ ಹುಡುಗಿಯ ರಬ್ಬರುಗಳು ಕೊಬ್ಬರಿ ಎಣ್ಣೆ ಕುಡಿದಿದ್ದವು. ಅವನ್ನು ಬಿಸಾಡದೆ ಬೇರೆ ದಾರಿಯಿರಲಿಲ್ಲ.

ಹೊಸ ರಬ್ಬರನ್ನು ಹಾಕುವಾಗ ಪಾಲಕರು ತಪ್ಪದೆ ನೋಡಬೇಕಾದ ಒಂದು ವಿಷಯವಿದೆ. ಕೆಲವು ಬ್ರೇಕುಗಳಲ್ಲಿ ರಬ್ಬರು ಕೂರುವ ಕಬ್ಬಿಣದ ಗೂಡಿಗೆ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ತಿರುಗುವ ರಿಮ್ಮು ರಬ್ಬರನ್ನು ಯಾವ ಕಡೆಗೆ ಎಳೆಯುತ್ತದೋ ಆ ಕಡೆಗೆ ಮುಚ್ಚಿದ ತುದಿ ಇರಬೇಕು. ತಿರುಗುಮುರುಗಾದರೆ ಜೋರಾಗಿ ಬ್ರೇಕ್ ಹಿಡಿದ ಹೊತ್ತಿನಲ್ಲೇ ರಬ್ಬರು ಗೂಡಿನಿಂದ ಜಾರಿ ಹಾರಿಹೋಗಬಹುದು.

ರಟ್ಟಿನ ತುಂಡಿನ ಉಪಾಯ

ತೊಳೆದು ಉಜ್ಜಿದ ಮೇಲೂ ಕೂಗು ಉಳಿದರೆ ರಬ್ಬರು ಕೂತಿರುವ ಭಂಗಿಯನ್ನು ತಿದ್ದಬೇಕು. ಸೈಕಲ್ ರಿಪೇರಿ ಬಲ್ಲವರ ಉಪಾಯ ಇದು: ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗಬೇಕು, ಹಿಂದಿನ ತುದಿ ಸುಮಾರು 1 ಮಿಲಿಮೀಟರು ದೂರವಿರಬೇಕು. ಬ್ರೇಕ್ ಹಿಡಿದಾಗ ರಿಮ್ಮು ರಬ್ಬರನ್ನು ಎಳೆಯುತ್ತದೆ, ತೋಳು ಚೂರು ಬಾಗುತ್ತದೆ; ಮೊದಲೇ ಓರೆಯಾಗಿಟ್ಟ ರಬ್ಬರು ಆಗ ಸಮನಾಗಿ ಕೂರುತ್ತದೆ. ನಡುಕಕ್ಕೆ ಆಸ್ಪದ ತಪ್ಪುತ್ತದೆ.

ಕೇಬಲ್ ಬ್ರೇಕಿನಲ್ಲಿ ಇದನ್ನು ಮಾಡುವುದು ಸುಲಭ. ರಬ್ಬರನ್ನು ತೋಳಿಗೆ ಹಿಡಿದಿರುವ ನಟ್ಟನ್ನು ಸ್ವಲ್ಪ ಸಡಿಲಿಸಿ. ಅಂಚೆ ಕಾರ್ಡಿನಂಥ ರಟ್ಟನ್ನು ಎರಡು ಸಲ ಮಡಚಿದರೆ ನಾಲ್ಕು ಪದರವಾಗಿ ಹೆಚ್ಚು ಕಡಿಮೆ 1 ಮಿಲಿಮೀಟರಾಗುತ್ತದೆ. ಅದನ್ನು ರಬ್ಬರಿನ ಹಿಂದಿನ ತುದಿ ಮತ್ತು ರಿಮ್ಮಿನ ನಡುವೆ ಇಡಿ. ಈಗ ಇನ್ನೊಬ್ಬರು ಬ್ರೇಕನ್ನು ಅದುಮಿ ಹಿಡಿಯಲಿ. ಮಕ್ಕಳು ಹಿಡಿ ಒತ್ತಲಿ, ದೊಡ್ಡವರು ನಟ್ಟು ಬಿಗಿಸಲಿ. ರಟ್ಟು ತೆಗೆದರೆ ರಬ್ಬರು ಬೇಕಾದ ಓರೆಯಲ್ಲಿ ನಿಂತಿರುತ್ತದೆ. ಪಕ್ಕದ್ದಕ್ಕೂ ಹಾಗೆಯೇ ಮಾಡಿ.

ಬಿಗಿಸುವ ಮೊದಲು ಇನ್ನೊಂದನ್ನು ಗಮನಿಸಬೇಕು. ರಬ್ಬರಿನ ಇಡೀ ಮೈ ರಿಮ್ಮಿನ ಮೇಲೇ ಕೂರಬೇಕು. ಮೇಲಕ್ಕೆ ಸರಿದರೆ ಟೈರನ್ನು ಉಜ್ಜಿ ಹರಿಯುತ್ತದೆ. ಕೆಳಕ್ಕೆ ಸರಿದರೆ ಕಡ್ಡಿಗಳ ಕಡೆಗೆ ಜಾರುತ್ತದೆ. ಎರಡೂ ಅಪಾಯ.

ಕಂಬಿ ಬ್ರೇಕಿನಲ್ಲಿ ರಬ್ಬರನ್ನು ಹೀಗೆ ಓರೆ ಮಾಡಲು ಆಸ್ಪದ ಕಡಿಮೆ. ಅಲ್ಲಿ ರಬ್ಬರಿನ ಹಿಂದಿನ ತುದಿಯನ್ನು ಉಪ್ಪುಕಾಗದದಿಂದ ಒಂದೆರಡು ಎಳೆ ಹೆಚ್ಚಾಗಿ ಉಜ್ಜಿದರೆ ಅದೇ ಫಲ ಸಿಗುತ್ತದೆ. ಎರಡೂ ರಬ್ಬರುಗಳು ಕಡ್ಡಿಗಳಿಗೆ ತಗಲದಂತೆ, ಒಂದೇ ಸಲಕ್ಕೆ ರಿಮ್ಮು ಮುಟ್ಟುವಂತೆ ಲಾಳದ ಕಂಬಿ ನಡುವಿಗಿದೆಯೇ ಎಂದು ನೋಡಿಕೊಳ್ಳಬೇಕು.

ಸಡಿಲವಾದದ್ದೆಲ್ಲ ಹಾಡುತ್ತದೆ

ರಬ್ಬರು ಸರಿಯಿದ್ದೂ ಕೂಗುವ ಬ್ರೇಕುಗಳುಂಟು. ಬ್ರೇಕಿನ ತೋಳನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿ ನೋಡಿ. ಲಟಲಟ ಎಂದರೆ ಅದನ್ನು ಫ್ರೇಮಿಗೆ ಹಿಡಿದಿರುವ ಬೋಲ್ಟು ಸಡಿಲವಾಗಿದೆ. ತೋಳು ಸರಾಗವಾಗಿ ತೆರೆದು ಮುಚ್ಚುವಂತಿರಬೇಕು, ಆದರೆ ಓಲಾಡಬಾರದು, ಅಷ್ಟಕ್ಕೆ ಬಿಗಿಸಬೇಕು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದಕ್ಕೆ ಮುಂದಕ್ಕೆ ತೂಗಿದಾಗ ಹ್ಯಾಂಡಲಿನ ಬುಡದಲ್ಲಿ 'ಟಕ್ ಟಕ್' ಎಂದರೆ ಅಲ್ಲಿ ಆಟ ಬಂದಿದೆ. ಅದೂ ನಡುಕಕ್ಕೆ ದಾರಿ.

ಅಜ್ಜಿಯ ಎಣ್ಣೆಗೆ ಸೈಕಲ್ಲಿನಲ್ಲಿ ಜಾಗವೇ ಇಲ್ಲವೆಂದಲ್ಲ. ಹಿಡಿಯ ಕೀಲಿಗೆ, ತೋಳಿನ ಕೀಲಿಗೆ, ಕೇಬಲ್ಲಿನ ಕೊಳವೆಯೊಳಕ್ಕೆ, ಚೈನಿಗೆ - ಮಿಷನ್ ಎಣ್ಣೆಯ ಒಂದೊಂದು ಹನಿ ಒಳ್ಳೆಯದು. ಜಾರಬೇಕಾದ ಕಡೆ ಎಣ್ಣೆ, ಹಿಡಿಯಬೇಕಾದ ಕಡೆ ಸೋಪು. ಇದಿಷ್ಟು ನೆನಪಿದ್ದರೆ ಸಾಕು. ಎಣ್ಣೆ ಬಿಟ್ಟ ಮೇಲೆ ಹೆಚ್ಚಾದುದನ್ನು ಒರೆಸಿ, ರಿಮ್ಮಿಗೆ ಹನಿ ಸಿಡಿದಿಲ್ಲವೆಂದು ಖಾತರಿ ಮಾಡಿಕೊಳ್ಳಬೇಕು.

ಅಂಗಳದಲ್ಲೇ ಪರೀಕ್ಷೆ

ರಿಪೇರಿಯಾದ ಬ್ರೇಕನ್ನು ರಸ್ತೆಯಲ್ಲಿ ಪರೀಕ್ಷಿಸಬಾರದು. ಸೈಕಲ್ಲಿನ ಪಕ್ಕದಲ್ಲಿ ನಿಂತು, ಮುಂದಿನ ಬ್ರೇಕನ್ನು ಬಲವಾಗಿ ಹಿಡಿದು ಮುಂದಕ್ಕೆ ತಳ್ಳಿ. ಚಕ್ರ ಉರುಳದೆ ಹಿಂದಿನ ಚಕ್ರ ಮೇಲೇಳಬೇಕು. ಹಿಂದಿನ ಬ್ರೇಕ್ ಹಿಡಿದು ತಳ್ಳಿದಾಗ ಹಿಂದಿನ ಚಕ್ರ ಉರುಳದೆ ನೆಲದ ಮೇಲೆ ಎಳೆದುಕೊಂಡು ಬರಬೇಕು. ಪೂರ್ತಿ ಅದುಮಿದಾಗ ಹಿಡಿ ಹ್ಯಾಂಡಲಿಗೆ ಮುಟ್ಟಬಾರದು. ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಇಷ್ಟಾದ ಮೇಲೆ ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ ಹತ್ತಿಪ್ಪತ್ತು ಸಲ ಹಿಡಿದು ಬಿಟ್ಟು ಮಾಡಿ. ಹೊಸ ರಬ್ಬರು ಮೊದಮೊದಲು ಸ್ವಲ್ಪ ಕೂಗಬಹುದು. ರಿಮ್ಮಿಗೆ ಹೊಂದಿಕೊಂಡ ಮೇಲೆ ಸುಮ್ಮನಾಗುತ್ತದೆ.

ಮಳೆಯಲ್ಲಿ ಮಾತ್ರ ಎಂಥ ಬ್ರೇಕನ್ನೂ ನಂಬಬಾರದು. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ನಿಲ್ಲಲು ಹಲವು ಪಟ್ಟು ಹೆಚ್ಚು ದೂರ ಬೇಕಾಗುತ್ತದೆ. ತಿರುವಿಗೆ ಮೊದಲೇ ಹಗುರಾಗಿ ಹಿಡಿದು ನೀರನ್ನು ಒರೆಸಿಕೊಂಡು, ಆಮೇಲೆ ಬಲವಾಗಿ ಹಿಡಿಯುವುದು ಜಾಣತನ.

ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇವೆಂಬ ಹಟವೂ ಬೇಡ. ರಿಮ್ಮು ಸೊಟ್ಟಗಾಗಿದ್ದರೆ, ಕಡ್ಡಿ ಮುರಿದಿದ್ದರೆ, ಕೇಬಲ್ಲಿನ ಎಳೆಗಳು ಬಿಚ್ಚಿಕೊಂಡಿದ್ದರೆ, ಬ್ರೇಕಿನ ತೋಳೇ ಬಾಗಿದ್ದರೆ ಅದು ಸೈಕಲ್ ಶಾಪಿನವರ ಕೆಲಸ. ಮಕ್ಕಳು ಪಕ್ಕದಲ್ಲಿ ಕೂತು ನೋಡಲಿ. ಅದೂ ಒಂದು ಪಾಠವೇ.

ಕಥೆಯ ಮನೆಗೆ ಮರಳೋಣ. ಭಾನುವಾರ ಬೆಳಗ್ಗೆ ಅಪ್ಪ, ಮಗಳು ಇಬ್ಬರೂ ಅಂಗಳದಲ್ಲಿ ಕೂತರು. ರಿಮ್ಮು ಮೂರು ಸಲ ಸೋಪು ಕಂಡಿತು. ಹೊಸ ರಬ್ಬರು ಬಂತು. ಮಡಚಿದ ರಟ್ಟಿನ ಉಪಾಯವೂ ಆಯಿತು. ಅಪ್ಪ ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ತಳ್ಳಿದರು. ಈ ಸಲ ಅದು ಜಗ್ಗಲಿಲ್ಲ. ಹುಡುಗಿ ಅಂಗಳದಲ್ಲಿ ಎರಡು ಸುತ್ತು ಹಾಕಿ ಬ್ರೇಕ್ ಹಿಡಿದಳು. ಸದ್ದಿಲ್ಲದೆ ನಿಂತಿತು.

"ಎಣ್ಣೆ ಬಿಟ್ಟಾಗಲೂ ಸದ್ದಿರಲಿಲ್ಲವಲ್ಲೇ" ಎಂದರು ಜಗಲಿಯ ಮೇಲಿದ್ದ ಅಜ್ಜಿ.

"ಆಗ ನಿಲ್ತಾ ಇರಲಿಲ್ಲ ಅಜ್ಜಿ" ಎಂದಳು ಹುಡುಗಿ.